ಕೋವಿ ಅಂಗಡಿಯಲ್ಲಿ ಅರ್ಧ ದಿನ: ಐದಕ್ಕೆ ನಾಲ್ಕು

ನಮ್ಮ ಕೋವಿಯಲ್ಲಿ ಖಾಲಿ ತೋಟೆ ಎತ್ತಿ ಕೊಡುವ ಎಕ್ಸ್‌ಟ್ರಾಕ್ಟರ್ ಕೈಕೊಟ್ಟು ಎರಡು ಮಳೆಗಾಲ ಆಗಿತ್ತು. ಒಂದು ಈಡು ಹೊಡೆದರೆ ಖಾಲಿ ತೋಟೆ ನಳಿಗೆಯ ಬುಡದಲ್ಲೇ ಕಚ್ಚಿಕೊಂಡು ಕೂರುತ್ತಿತ್ತು. ಚಾಕುವಿನ ತುದಿ ಹಾಕಿ ಎಬ್ಬಿಸಬೇಕು. ಅಲ್ಲಿಯವರೆಗೆ ಕಾಯುವಷ್ಟು ಮರ್ಯಾದೆಯ ಹಂದಿ ನಮ್ಮ ದೇಲಂಪಾಡಿ ಕಡೆ ಇನ್ನೂ ಹುಟ್ಟಿಲ್ಲ. ಕಳೆದ ವರ್ಷ ಬಾವಿಯ ಬದಿಯ ಬಾಳೆ ಪೂರ್ತಿ ಹೋಯಿತು, ಅಡಿಕೆ ಸಸಿಗಳ ಬುಡ ಕಿತ್ತು ಹಾಕಿದವು, ಮರಗೆಣಸು ನೆಡುವುದನ್ನು ನಾವೇ ಬಿಟ್ಟೆವು. ಕೊನೆಗೆ ಇವಳೇ ಹೇಳಿದಳು, "ಕಪಾಟಿನಲ್ಲಿ ಇಟ್ಟು ಪೂಜೆ ಮಾಡ್ಲಿಕ್ಕೆ ಅದೆಂತ ಆಯುಧಪೂಜೆಯ ಕತ್ತಿಯಾ? ಸರಿ ಮಾಡಿಸಿಕೊಂಡು ಬನ್ನಿ."

ಹಾಗೆ ಹೋದದ್ದು. ಅಂಗಡಿ ನಮ್ಮ ಕಾಸರಗೋಡಿನಿಂದ ದಕ್ಷಿಣಕ್ಕೆ, ಕಾರಿನಲ್ಲಿ ಎರಡು ಗಂಟೆಯ ದಾರಿ. ಹೆಸರು ಹಾಕುವುದಿಲ್ಲ. ಕೋವಿ ಅಂಗಡಿಯ ವಿಳಾಸವನ್ನು ಊರಿಗೆಲ್ಲ ಡಂಗುರ ಸಾರುವ ಅಭ್ಯಾಸ ನನಗಿಲ್ಲ, ಪರವಾನಗಿ ಇದ್ದವರಿಗೆ ಅದು ಎಲ್ಲಿ ಅಂತ ಗೊತ್ತಿರುತ್ತದೆ. ಮಂಗಳೂರು ನಮಗೆ ಹತ್ತಿರವಲ್ಲವೇ ಅಂತ ಕೇಳಬಹುದು. ಹತ್ತಿರವೇ, ತಲಪಾಡಿ ದಾಟಿದರೆ ಆಯಿತು. ಆದರೆ ಪರವಾನಗಿ ಎಲ್ಲಿಯವರೆಗೆ ಸಿಂಧು ಎಂದು ಪುಸ್ತಕದಲ್ಲಿ ಬರೆದಿರುತ್ತದೆ, ನನ್ನದರಲ್ಲಿ ಕೇರಳ ಅಂತ ಇದೆ. ಆಸ್ಪತ್ರೆಗೆ, ಮದುವೆಗೆ, ಅಡಿಕೆ ಮಾರಲಿಕ್ಕೆ ಎಲ್ಲದಕ್ಕೂ ಉತ್ತರಕ್ಕೆ ಹೋಗುವ ನಾವು ಕೋವಿ ಹಿಡಿದಾಗ ಮಾತ್ರ ದಕ್ಷಿಣಕ್ಕೆ ತಿರುಗಬೇಕು.

ನನ್ನ ಪರಿಚಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. 1984ರಲ್ಲಿ, ನಮ್ಮ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ಅದೇ ವರ್ಷ, ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿದೆ. ಬೆಂಗಳೂರಿನ ಹಲಸೂರಿನಲ್ಲಿ ತರಬೇತಿ, ಅಲ್ಲಿಂದ ದೇಶ ಸುತ್ತಿ 2002ರಲ್ಲಿ ಪಿಂಚಣಿ ತೆಗೆದುಕೊಂಡು ಬಂದೆ. ಒಂದು ವರ್ಷ ತೋಟದಲ್ಲಿ ನಿಂತೆ. ಬೆಳಿಗ್ಗೆ ಐದಕ್ಕೆ ಎಚ್ಚರ ಆಗುವುದು, ಎದ್ದು ಏನು ಮಾಡಬೇಕು ಅಂತ ತಿಳಿಯದೆ ಅಂಗಳದಲ್ಲಿ ಆಚೆ ಈಚೆ ನಡೆಯುವುದು. ಅಪ್ಪ ಹೇಳಿದರು, "ನೀನು ಹೀಗೆ ನಡೆದರೆ ನಾಯಿಗೂ ನಿದ್ದೆ ಇಲ್ಲ." ಮರು ವರ್ಷ ಕಣ್ಣೂರಿನ ಡಿಎಸ್‌ಸಿ ಸೆಂಟರಿಗೆ ಹೋಗಿ ಮತ್ತೆ ಸೇರಿದೆ. ಡಿಫೆನ್ಸ್ ಸೆಕ್ಯುರಿಟಿ ಕೋರ್ ಅಂದರೆ 1947ರಿಂದ ಇರುವ ಪಡೆ. ನಿವೃತ್ತರಾದ ನಮ್ಮಂಥ ಸೈನಿಕರನ್ನು ಮತ್ತೆ ಕರೆದು ಡಿಪೋ, ಕಾರ್ಖಾನೆ, ಗೋದಾಮುಗಳ ಕಾವಲಿಗೆ ನಿಲ್ಲಿಸುತ್ತಾರೆ. ಅಲ್ಲಿ 15 ವರ್ಷ. ಒಟ್ಟು 33 ವರ್ಷ ಬಂದೂಕಿನ ಜೊತೆ ಇದ್ದೆ, ಅದರಲ್ಲಿ ಒಂದು ದಿನವೂ ಬಂದೂಕು ನನ್ನದಾಗಿರಲಿಲ್ಲ.

ಇದು ಸಿವಿಲ್ ಜನರಿಗೆ ಸುಲಭದಲ್ಲಿ ತಲೆಗೆ ಹೋಗುವುದಿಲ್ಲ. ಸೈನಿಕ ಅಂದರೆ ತಲೆದಿಂಬಿನ ಅಡಿಯಲ್ಲಿ ರೈಫಲ್ ಇಟ್ಟು ಮಲಗುವವ ಅಂತ ಅವರ ಲೆಕ್ಕ. ಶಾಂತಿಯ ಜಾಗದಲ್ಲಿ ರೈಫಲ್ ಇರುವುದು ಕೋತ್‌ನಲ್ಲಿ. ಕೋತ್ ಅಂದರೆ ಆಯುಧದ ಕೋಣೆ. ಸರಳು ಹಾಕಿದ ಬಾಗಿಲು, ಎರಡು ಬೀಗ, ಹೊರಗೆ ಸಂತ್ರಿ. ಬೆಳಿಗ್ಗೆ ಸಾಲಿನಲ್ಲಿ ನಿಂತು ಸಹಿ ಹಾಕಿ ತೆಗೆದುಕೊಳ್ಳಬೇಕು, ಸಂಜೆ ಚಿಂದಿ ಬಟ್ಟೆಗೆ ಎಣ್ಣೆ ಹಚ್ಚಿ ಫುಲ್‌ತ್ರೂ (ನಳಿಗೆ ಒರೆಸುವ ಹಗ್ಗ) ಎಳೆದು ನಳಿಗೆ ಹೊಳೆಯುವ ಹಾಗೆ ಮಾಡಿ ಮತ್ತೆ ಸಹಿ ಹಾಕಿ ಒಪ್ಪಿಸಬೇಕು. ಫೈರಿಂಗ್ ಮುಗಿದ ಮೇಲೆ ಖಾಲಿ ಕೋಕಾ, ಅಂದರೆ ಹೊಡೆದ ಗುಂಡಿನ ಚಿಪ್ಪು, ಹೆಕ್ಕಿ ಎಣಿಸಬೇಕು. ಒಂದು ಕಡಿಮೆಯಾದರೆ ಇಡೀ ಪ್ಲಟೂನು ಮಂಡಿಯೂರಿ ಹುಲ್ಲಿನಲ್ಲಿ ಹುಡುಕಬೇಕು, ಬಿಸಿಲು ಮಳೆ ಅಂತ ಇಲ್ಲ. ಮದುವೆಯ ದಿನಾಂಕ ಮರೆತರೂ ರೈಫಲ್ಲಿನ ನಂಬರು ಮರೆಯುವ ಹಾಗಿಲ್ಲ.

ಈ ಅಂಗಡಿಯನ್ನು ನಾನು ಅಳೆದದ್ದು ಇದೇ ಕೋತ್‌ನ ಅಳತೆಗೋಲಿನಲ್ಲಿ.

ಹೊರಗಿನಿಂದ ನೋಡಿದರೆ ಏನೂ ಇಲ್ಲ. ಒಂದು ಮಹಡಿಯ ಮೇಲೆ, ಕೆಳಗೆ ಟೈಲರ್, ಪಕ್ಕದಲ್ಲಿ ಹೋಮಿಯೋಪತಿ. ಮೆಟ್ಟಿಲು ಕಡಿದು, ಮಂಡಿ ನೋವಿದ್ದವರು ಕಂಬಿ ಹಿಡಿದೇ ಹತ್ತಬೇಕು. ಮೇಲೆ ಕಬ್ಬಿಣದ ಜಾಲರಿ ಬಾಗಿಲು, ಗಂಟೆ ಒತ್ತಿದರೆ ಒಳಗಿನಿಂದ ನೋಡಿ ತೆಗೆಯುತ್ತಾರೆ. ಒಳಗೆ ಗಾಜಿನ ಕಪಾಟಿನಲ್ಲಿ ಏರ್‌ಗನ್‌ಗಳು, ತೋಟೆಯ ಬೆಲ್ಟು, ಎಣ್ಣೆಯ ಬಾಟಲಿ, ಉದ್ದದ ಬ್ರಶ್ಶು. ಹಿಂದಿನ ಗೋಡೆಗೆ ಮರದ ರ‍್ಯಾಕು, ಅದರಲ್ಲಿ ಸಾಲಾಗಿ ಕೋವಿಗಳು, ಎಲ್ಲದರ ಕುದುರೆಯ (ಟ್ರಿಗರ್) ಬಳೆಯೊಳಗೆ ಒಂದೇ ಸರಪಳಿ ಹಾಯಿಸಿ ತುದಿಗೆ ಬೀಗ. ಆ ಸರಪಳಿ ನೋಡಿದ ಕೂಡಲೇ ಅರ್ಧ ಅಂಕ ಕೊಟ್ಟೆ.

ಕೌಂಟರಿನಲ್ಲಿ ಇದ್ದದ್ದು ಮಾಲೀಕನಲ್ಲ, ಮೇಸ್ತ್ರಿ. ಎಪ್ಪತ್ತರ ಹತ್ತಿರ ಹತ್ತಿರ ವಯಸ್ಸು, ಬಿಳಿ ಮುಂಡು, ಹಣೆಗೆ ಏರಿಸಿದ ದಪ್ಪ ಗಾಜಿನ ಕನ್ನಡಕ. ನಾನು ಚೀಲದಿಂದ ಕೋವಿ ತೆಗೆದು, ಮಡಚಿ ತೆರೆದು, ನಳಿಗೆ ಬೆಳಕಿಗೆ ಹಿಡಿದು ನೋಡಿ, "ಖಾಲಿ ಉಂಟು" ಅಂತ ಮಲಯಾಳದಲ್ಲಿ ಹೇಳಿ ಕೊಟ್ಟೆ. ಅವರು ತಲೆ ಅಲ್ಲಾಡಿಸಿದರು. ಕೋವಿ ತೆಗೆದುಕೊಂಡು ಮತ್ತೊಮ್ಮೆ ತೆರೆದರು, ತಾವೂ ಬೆಳಕಿಗೆ ಹಿಡಿದರು, ಕಿರುಬೆರಳು ಒಳಗೆ ಹಾಕಿ ಮುಟ್ಟಿ ನೋಡಿದರು. ಆಮೇಲೆ ಒಳಗಿನ ಹುಡುಗನ ಕೈಗೆ ಕೊಟ್ಟರು. ಹುಡುಗ ಮೂರನೆಯ ಸಲ ತೆರೆದು ನೋಡಿದ. ಒಂದು ನಿಮಿಷದೊಳಗೆ ಮೂವರು, ಒಬ್ಬನೂ ಇನ್ನೊಬ್ಬನ ಮಾತು ನಂಬಲಿಲ್ಲ.

ನನ್ನ ಹಿಂದೆ ನಿಂತಿದ್ದ ರಬ್ಬರ್ ತೋಟದ ಯುವಕನೊಬ್ಬ ನಕ್ಕ. ನಾನು ನಗಲಿಲ್ಲ. ಯಾಕೆ ಅಂತ ಹೇಳುತ್ತೇನೆ.

1988. ಶ್ರೀಲಂಕಾದ ಜಾಫ್ನಾ, ನಮ್ಮ ಸೈನ್ಯ ಶಾಂತಿಪಾಲನೆಗೆ ಅಂತ ಹೋಗಿದ್ದ ಕಾಲ. ರಸ್ತೆಯಲ್ಲಿ ಹೂತಿಟ್ಟ ಸ್ಫೋಟಕ ಹುಡುಕುವ ಕೆಲಸ ನಮ್ಮದು. ಒಂದು ದಿನ ಬೆಳಗಿನ ಜಾವ ಹೊರಟವರು ವಾಪಸು ಬರುವಾಗ ಮಧ್ಯಾಹ್ನ ಮೂರು. ಕ್ಯಾಂಪಿನ ಬಾಗಿಲಿನಲ್ಲಿ ಮರಳು ಚೀಲ ಪೇರಿಸಿದ ಗುಂಡಿ, ಅದಕ್ಕೆ ನಳಿಗೆ ತೋರಿಸಿ ರೈಫಲ್ ಖಾಲಿ ಮಾಡಿ ಒಳಗೆ ಹೋಗಬೇಕು. ಮೊದಲು ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗಿ, ಆಮೇಲೆ ಕಾಕ್ ಮಾಡು, ಅಂದರೆ ಹಿಡಿ ಹಿಂದಕ್ಕೆ ಎಳೆದು ಬಿಡು, ಆಮೇಲೆ ಕುದುರೆ ಎಳಿ. ಸಾವಿರ ಸಲ ಮಾಡಿದ್ದು. ಅವತ್ತು ಕೈ ಮೊದಲು ಕಾಕ್ ಮಾಡಿ ಮ್ಯಾಗಜೀನಿನ ಗುಂಡೊಂದನ್ನು ನಳಿಗೆಗೆ ಏರಿಸಿತು, ಆಮೇಲೆ ಮ್ಯಾಗಜೀನ್ ತೆಗೆಯಿತು. ಮರಳಿಗೆ ಗುಂಡು ಹೋಯಿತು. ಆಗಿನ ನಮ್ಮ ರೈಫಲ್ ಎಸ್‌ಎಲ್‌ಆರ್‌ನ ಶಬ್ದ ಕೇಳಿದವರಿಗೆ ಗೊತ್ತು, ಎದೆಗೇ ಗುದ್ದಿದ ಹಾಗೆ. ಇಡೀ ಕ್ಯಾಂಪು ನೆಲಕ್ಕೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆ ಒಂದು ಗುಂಡಿನ ಲೆಕ್ಕ ಕೊಡಲಿಕ್ಕೆ ನನಗೆ ವಿಚಾರಣೆ, ಶಿಕ್ಷೆ, ಬೆನ್ನಿಗೆ ಪಿಟ್ಟು ಚೀಲ ಹೊತ್ತು ಓಟ. ಅದೆಲ್ಲ ಮರೆತಿದ್ದೇನೆ. ಮರೆಯದ್ದು ಇಷ್ಟೇ, ಆ ಕ್ಷಣ ನನಗೆ ಮ್ಯಾಗಜೀನ್ ತೆಗೆದಿದ್ದೇನೆ ಅಂತಲೇ ನೂರಕ್ಕೆ ನೂರು ಗೊತ್ತಿತ್ತು.

ಹಾಗಾಗಿ ಮೇಸ್ತ್ರಿ ನನ್ನ ಮಾತು ನಂಬದೆ ಬೆರಳು ಹಾಕಿ ನೋಡಿದಾಗ ನನಗೆ ಮನೆಗೆ ಬಂದ ಹಾಗಾಯಿತು.

ಕೋವಿ ಅಪ್ಪನದು. ಒಂಟಿ ನಳಿಗೆಯ 12 ಬೋರ್, ಅರವತ್ತರ ದಶಕದಲ್ಲಿ ಅವರು ಅಡಿಕೆ ಮಾರಿದ ದುಡ್ಡಿನಲ್ಲಿ ತೆಗೆದದ್ದು. ಪರವಾನಗಿದಾರನಿಗೆ 70 ದಾಟಿದರೆ ಅಥವಾ ಕೋವಿ 25 ವರ್ಷ ಅವನ ಹತ್ತಿರ ಇದ್ದರೆ ವಾರಸುದಾರನಿಗೆ ಮಾಡಿಕೊಡಬಹುದು ಅಂತ 2016ರ ಆಯುಧ ನಿಯಮಗಳಲ್ಲಿ ಉಂಟು. ಅಪ್ಪನಿಗೆ ಎರಡೂ ದಾಟಿತ್ತು. ನಾನು 2018ರಲ್ಲಿ ಊರಿಗೆ ಬಂದು ಅರ್ಜಿ ಹಾಕಿದೆ. ಕನ್ನಡದಲ್ಲಿ ಬರೆದ ಅರ್ಜಿ ಒಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ಮಲಗಿತು. "ಇದನ್ನು ಓದುವವರು ರಜೆಯಲ್ಲಿದ್ದಾರೆ" ಅಂತ ಒಂದು ಸಲ, "ಮಲಯಾಳದಲ್ಲಿ ಬರೆದು ಕೊಡಿ" ಅಂತ ಇನ್ನೊಂದು ಸಲ. ನಾನೂ ಬಿಡಲಿಲ್ಲ, ಕನ್ನಡದಲ್ಲೇ ಮೂರು ಸಲ ಕೊಟ್ಟೆ. ದೇಶದ ಡಿಪೋ ಕಾಯಲಿಕ್ಕೆ 15 ವರ್ಷ ಬಂದೂಕು ಕೊಟ್ಟದ್ದಕ್ಕೆ ಯಾರೂ ನನ್ನ ಭಾಷೆ ಕೇಳಿರಲಿಲ್ಲ. ಬಾಳೆ ಕಾಯಲಿಕ್ಕೆ ಕೇಳಿದರು. ಇರಲಿ, ಅದು ಅಂಗಡಿಯ ತಪ್ಪಲ್ಲ.

ಮೇಸ್ತ್ರಿ ಕೋವಿ ಬಿಚ್ಚಿ ಬೆಂಚಿನ ಮೇಲೆ ಒಂದು ಹಳೆಯ ಟವೆಲ್ ಹಾಸಿ ಒಂದೊಂದೇ ಭಾಗ ಇಟ್ಟರು. ಎಕ್ಸ್‌ಟ್ರಾಕ್ಟರಿನ ತುಟಿ ಸವೆದಿತ್ತು, ಅದು ನನಗೂ ಗೊತ್ತಿತ್ತು. ತೋಟೆಯ ಬೆನ್ನಿಗೆ ಬಡಿಯುವ ಫೈರಿಂಗ್ ಪಿನ್ನಿನ ಮೂತಿ ಮೊಂಡಾಗಿತ್ತು, ಅದು ಗೊತ್ತಿರಲಿಲ್ಲ. ಆಮೇಲೆ ಅವರು ಕೇಳಿದ್ದು, "ಯಾವ ತೋಟೆ ಹಾಕುತ್ತೀರಿ?" ಜೇಬಿನಿಂದ ಒಂದು ಖಾಲಿ ತೋಟೆ ತೆಗೆದು ತೋರಿಸಿದೆ. ನಮ್ಮಲ್ಲಿ ಎಲ್ಲರೂ ಹಾಕುವುದು ಪುಣೆಯ ಖಡಕಿ ಕಾರ್ಖಾನೆಯ ಶಕ್ತಿಮಾನ್ ತೋಟೆ, ಹಿಂಬದಿಯ ಹಿತ್ತಾಳೆ ತಟ್ಟೆಯಲ್ಲಿ ಕೆಎಫ್ ಅಂತ ಒತ್ತಿರುತ್ತದೆ. ಮೇಸ್ತ್ರಿ ಅದನ್ನು ಅಳತೆಪಟ್ಟಿಗೆ ಹಿಡಿದರು. ಎಪ್ಪತ್ತು ಮಿಲಿಮೀಟರ್. ಮತ್ತೆ ಡ್ರಾಯರಿನಿಂದ ಉಕ್ಕಿನ ಒಂದು ಗೇಜು ತೆಗೆದು ನಳಿಗೆಯ ಬುಡಕ್ಕೆ ಇಳಿಸಿದರು. ಅದು ಒಂದು ಕಡೆ ತಟ್ಟನೆ ನಿಂತಿತು. ಗೆರೆ ತೋರಿಸಿದರು. ಅರವತ್ತೈದು.

ನನಗೆ ಬೆವರಿತು. ತೋಟೆಯ ಮೇಲೆ ಬರೆಯುವ ಅಳತೆ ಹೊಡೆದ ಮೇಲಿನದು, ಬಾಯಿ ಬಿಚ್ಚಿಕೊಂಡ ಮೇಲಿನದು. ಹೊಡೆಯುವ ಮೊದಲು ಮಡಚಿಕೊಂಡು ಗಿಡ್ಡವಾಗಿರುತ್ತದೆ, ಹಾಗಾಗಿ 70ರ ತೋಟೆ 65ರ ಕೋವಿಯೊಳಗೆ ಸುಖವಾಗಿ ಕೂರುತ್ತದೆ. ಈಡು ಹೊಡೆದಾಗ ಬಿಚ್ಚಿಕೊಳ್ಳಲಿಕ್ಕೆ ಜಾಗ ಇಲ್ಲ. ಬಾಯಿ ಇಕ್ಕಟ್ಟಿನಲ್ಲಿ ಸಿಕ್ಕಿ ಒತ್ತಡ ಏರುತ್ತದೆ. ಹಳೆಯ ನಳಿಗೆ ಒಂದು ದಿನ ತಡೆದೀತು, ಎರಡು ದಿನ ತಡೆದೀತು. ಎಕ್ಸ್‌ಟ್ರಾಕ್ಟರ್ ಇಷ್ಟು ಬೇಗ ಸವೆದದ್ದಕ್ಕೂ ತೋಟೆ ಕಚ್ಚಿಕೊಳ್ಳುತ್ತಿದ್ದದ್ದಕ್ಕೂ ಇದೇ ಕಾರಣ ಅಂತ ಮೇಸ್ತ್ರಿ ಹೇಳಿದರು. ಮೂವತ್ತಮೂರು ವರ್ಷದ ಸೈನಿಕ, ಅದೂ ಸ್ಫೋಟಕದ ಕೆಲಸ ಮಾಡಿದವ, ತನ್ನ ಮನೆಯ ಕೋವಿಯ ಅಳತೆ ತೆಗೆದಿರಲಿಲ್ಲ. ಪಲ್ಟನ್ನಿನಲ್ಲಿ ಯಾವ ಗುಂಡು ಯಾವ ರೈಫಲ್ಲಿಗೆ ಅಂತ ಯೋಚಿಸುವವ ಬೇರೆಯವ. ಅವ ಕೊಟ್ಟದ್ದನ್ನು ನಾವು ಹಾಕುತ್ತಿದ್ದೆವು. ಊರಿಗೆ ಬಂದ ಮೇಲೆ ಆ ಬೇರೆಯವನೂ ನಾವೇ ಆಗಬೇಕು, ಅದನ್ನು ಪಿಂಚಣಿ ಕಾಗದದ ಜೊತೆ ಯಾರೂ ಹೇಳಿ ಕಳುಹಿಸುವುದಿಲ್ಲ.

ಈ ಒಂದು ಗೇಜಿಗೇ ಐದಕ್ಕೆ ಐದು ಕೊಡಬಹುದಿತ್ತು.

ರಿಪೇರಿಗೆ ಮೂರು ಗಂಟೆ ಬೇಕು ಅಂದರು. ಎಲ್ಲಿಗೂ ಹೋಗದೆ ಅಲ್ಲೇ ಸ್ಟೂಲಿನ ಮೇಲೆ ಕೂತೆ. ರ‍್ಯಾಕಿನ ಕೋವಿಗಳನ್ನು ಎಣಿಸಿದೆ, ಹಳೆಯ ಚಾಳಿ. ಪ್ರತಿಯೊಂದಕ್ಕೂ ಚೀಟಿ ಕಟ್ಟಿತ್ತು. ಮಾರಾಟಕ್ಕಿದ್ದವು ಕೆಲವೇ, ಉಳಿದದ್ದೆಲ್ಲ ಇಟ್ಟುಹೋದವು. ಚುನಾವಣೆ ಬಂದಾಗ ಠಾಣೆಯಲ್ಲಿ ಇಡುವ ಬದಲು ಇಲ್ಲಿ ಇಟ್ಟವರದ್ದು, ಅಪ್ಪ ತೀರಿಹೋಗಿ ಮಕ್ಕಳು ದುಬೈಯಲ್ಲಿದ್ದು ಯಾರೂ ಕೇಳಲು ಬಾರದ್ದು. ಆಯುಧ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬನಿಗೆ ಮೂರರ ಬದಲು ಎರಡೇ ಕೋವಿ ಅಂತ ಆದಾಗ ಮೂರನೆಯದನ್ನು ತಂದು ಒಪ್ಪಿಸಿದವರದ್ದೂ ಇತ್ತು. ಅದೇ ತಿದ್ದುಪಡಿಯಲ್ಲಿ ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿದರೆ ಎರಡು ವರ್ಷದ ತನಕ ಜೈಲು ಅಥವಾ ಒಂದು ಲಕ್ಷದ ತನಕ ದಂಡ ಅಂತಲೂ ಬಂತು. ಒಳ್ಳೆಯದೇ ಆಯಿತು.

ಸಾಲಿನ ಎಡದಿಂದ ಎಂಟನೆಯದು ನನಗೆ ಗುರುತಿತ್ತು. ಜೋಡಿ ನಳಿಗೆ, ಹಿಡಿಯ ಮೇಲೆ ನಾಯಿ ಕಚ್ಚಿದ ಗುರುತು. ಡಿಎಸ್‌ಸಿಯಲ್ಲಿ ನನ್ನ ಜೊತೆ ಗಾರ್ಡ್ ಮಾಡಿದವನದ್ದು. ಈ ಕಡೆಯವನೇ, ಮಲಯಾಳಿ, ಈ ಅಂಗಡಿ ನನಗೆ ಹೇಳಿಕೊಟ್ಟವನೂ ಅವನೇ. ಎರಡು ವರ್ಷದ ಹಿಂದೆ ಅವನ ಹೆಂಡತಿ ತೀರಿಹೋದಳು. ಹದಿಮೂರನೆಯ ದಿನ ಕಳೆದ ಮೇಲೆ ಅವ ಕೋವಿ, ಉಳಿದ ತೋಟೆ ಎಲ್ಲ ಚೀಲಕ್ಕೆ ತುಂಬಿ ಬಸ್ಸು ಹತ್ತಿ ಇಲ್ಲಿಗೆ ತಂದು ಇಟ್ಟ. ನನಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ರಾತ್ರಿ ಮನೆ ತುಂಬಾ ಸುಮ್ಮನೆ ಇರುತ್ತದೆ ಮಾರಾಯ. ಅದು ಅಲ್ಲಿರುವುದು ಬೇಡ." ಮೇಸ್ತ್ರಿ ಯಾಕೆ ಏನು ಅಂತ ಕೇಳಲಿಲ್ಲವಂತೆ. ರಿಜಿಸ್ಟರಿನಲ್ಲಿ ಬರೆದು ರಶೀದಿ ಕೊಟ್ಟು, ಚಹಾ ತರಿಸಿ, ಊಟದ ಹೊತ್ತಿನವರೆಗೆ ಕೂರಿಸಿಕೊಂಡರಂತೆ. ತಿಂಗಳಿಗೆ ಇಷ್ಟು ಅಂತ ಇಡುವ ಬಾಡಿಗೆ ಉಂಟು. ಅವನ ಚೀಟಿಯಲ್ಲಿ ಬಾಡಿಗೆಯ ಜಾಗ ಖಾಲಿ ಇತ್ತು. ನಾನು ನೋಡಿದೆ, ಕೇಳಲಿಲ್ಲ.

ನಾಲ್ಕು ವರ್ಷದ ಹಿಂದೆ ಮಗಳ ಮನೆಗೆ ಟೆಕ್ಸಾಸಿಗೆ ಹೋಗಿ ಮೂರು ತಿಂಗಳು ಇದ್ದೆ. ಪಕ್ಕದ ಮನೆಯ ಅಜ್ಜ ವಿಯೆಟ್ನಾಂ ಯುದ್ಧದಲ್ಲಿ ಇದ್ದವ. ನಾನೂ ಸೈನಿಕ ಅಂತ ತಿಳಿದ ದಿನದಿಂದ ಸಂಜೆ ಅವನ ಜಗಲಿಯಲ್ಲೇ ನನ್ನ ಚಹಾ. ಅವನ ಇಂಗ್ಲಿಷು ನನಗೆ ಅರ್ಧ, ನನ್ನದು ಅವನಿಗೆ ಕಾಲು, ಆದರೂ ನಡೆಯಿತು. ಅಲ್ಲಿ 2021ರ ಸೆಪ್ಟೆಂಬರಿನಿಂದ 21 ದಾಟಿದ ಸಾಮಾನ್ಯ ಜನರಿಗೆ ಪಿಸ್ತೂಲು ಇಟ್ಟುಕೊಂಡು ತಿರುಗಲಿಕ್ಕೆ ಪರವಾನಗಿಯೇ ಬೇಡ. ತರಕಾರಿ ಅಂಗಡಿಯಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡವ ಟೊಮೆಟೊ ಹಿಚುಕಿ ನೋಡುವುದನ್ನು ನಾನೇ ಕಂಡೆ. ನನ್ನ ಕಾಲು ತಾನಾಗಿ ಕಂಬದ ಮರೆಗೆ ಹೋಯಿತು.

ಅಜ್ಜ ಹೇಳುತ್ತಿದ್ದ, "ನಾವು ಸಂವಿಧಾನದ ಮೇಲೆ ಆಣೆ ಮಾಡಿದವರು, ಹೊರಗಿನ ಶತ್ರು ಒಳಗಿನ ಶತ್ರು ಇಬ್ಬರಿಂದಲೂ ಕಾಯುತ್ತೇವೆ ಅಂತ. ಆ ಆಣೆಗೆ ಮುಗಿಯುವ ತಾರೀಕು ಇಲ್ಲ. ಸಂವಿಧಾನದಲ್ಲಿ ಬಂದೂಕಿನ ಹಕ್ಕು ಉಂಟು, ಹಾಗಾಗಿ ಅದನ್ನು ಕಾಯುವುದೂ ಸೇವೆಯೇ." 1791ರ ಎರಡನೆಯ ತಿದ್ದುಪಡಿ, ಇಂಗ್ಲಿಷಿನಲ್ಲಿ ಒಟ್ಟು 27 ಪದ, ಅವನಿಗೆ ಬಾಯಿಪಾಠ. ವಾಷಿಂಗ್ಟನ್ನಿನ ಡಿಕ್ ಹೆಲ್ಲರ್ ಎಂಬ ಕಾವಲುಗಾರನ ಕಥೆಯನ್ನೂ ಹೇಳಿದ. ಹಗಲು ಸರ್ಕಾರಿ ಕಟ್ಟಡ ಕಾಯಲಿಕ್ಕೆ ಅವನ ಸೊಂಟದಲ್ಲಿ ಕೈಬಂದೂಕು, ಸಂಜೆ ತನ್ನ ಮನೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಕೇಳಿದರೆ ಇಲ್ಲ. ಅವ ಸುಪ್ರೀಂ ಕೋರ್ಟಿನ ತನಕ ಹೋದ, 2008ರಲ್ಲಿ ಐವರು ನ್ಯಾಯಾಧೀಶರು ಅವನ ಕಡೆ, ನಾಲ್ವರು ವಿರುದ್ಧ. ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಅಂತ ತೀರ್ಪಾಯಿತು. "ನೀನೂ ಹೆಲ್ಲರನ ಹಾಗೆಯೇ ಅಲ್ಲವಾ? ಹದಿನೈದು ವರ್ಷ ಸಂಜೆ ಬರಿಗೈಯಲ್ಲಿ ಮಲಗಿದೆಯಲ್ಲ, ನಿನಗೆ ಸಿಟ್ಟು ಬರಲಿಲ್ಲವಾ?" ಅಂತ ಕೇಳಿದ.

ಸಿಟ್ಟು? ಕೋತ್‌ಗೆ ಒಪ್ಪಿಸಿ ಸಹಿ ಹಾಕಿದ ಮೇಲೆಯೇ ನನಗೆ ಊಟ ರುಚಿಸುತ್ತಿದ್ದದ್ದು. ಇದನ್ನು ಇಂಗ್ಲಿಷಿನಲ್ಲಿ ಹೇಳಲಿಕ್ಕೆ ಬಾರದೆ ನಕ್ಕು ಸುಮ್ಮನಾದೆ. ಆಣೆ ನಾನೂ ಮಾಡಿದ್ದೇನೆ, ಕಸಮ್ ಪರೇಡಿನಲ್ಲಿ ಭಾರತದ ಸಂವಿಧಾನಕ್ಕೆ ನಿಷ್ಠೆ, ನೆಲ ಜಲ ಆಕಾಶ ಎಲ್ಲಿಗೆ ಕಳುಹಿಸಿದರೂ ಹೋಗುತ್ತೇನೆ, ಜೀವಕ್ಕೆ ಅಪಾಯ ಇದ್ದರೂ ಮೇಲಿನವರ ಆಜ್ಞೆ ಪಾಲಿಸುತ್ತೇನೆ ಅಂತ. ಅದಕ್ಕೂ ಮುಗಿಯುವ ತಾರೀಕು ಇದ್ದ ಹಾಗೆ ಕಾಣುವುದಿಲ್ಲ. ಆದರೆ ನಮ್ಮ ಸಂವಿಧಾನದ ಹಕ್ಕುಗಳಲ್ಲಿ ಆಯುಧದ ಮಾತು ಬರುವುದು 19ನೆಯ ವಿಧಿಯಲ್ಲಿ, ಅದೂ ಶಾಂತಿಯಿಂದ, ಆಯುಧ ಇಲ್ಲದೆ ಸೇರುವ ಹಕ್ಕು ಅಂತ.

ಬೇರೆ ಹಾಗೆಯೂ ಆಗಬಹುದಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ ನಿಯಮಕ್ಕೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕು ಸೇರಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಮೂಲಭೂತ ಹಕ್ಕಾಗಿ ಸೇರಿಸಿ ಅಂತ ತಿದ್ದುಪಡಿ ಮಂಡಿಸಿದವರು ಎಚ್.ವಿ. ಕಾಮತ್, ನಮ್ಮ ಪಕ್ಕದ ಮಂಗಳೂರಿನಲ್ಲೇ ಹುಟ್ಟಿದವರು. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಬಂದದ್ದು 1959ರ ಆಯುಧ ಕಾಯ್ದೆ. ಕಾಮತರು ಗೆದ್ದಿದ್ದರೆ ನಾನು ಮೂರು ಸಲ ಅರ್ಜಿ ಬರೆಯಬೇಕಾಗಿರಲಿಲ್ಲ. ಹಾಗಂತ ಅವರು ಗೆಲ್ಲಬೇಕಿತ್ತು ಅಂತಲೂ ನನಗೆ ಅನ್ನಿಸುವುದಿಲ್ಲ, ನನ್ನ ಹಿಂದೆ ನಗುತ್ತಾ ನಿಂತಿದ್ದ ರಬ್ಬರ್ ತೋಟದವನನ್ನು ನೋಡಿದ ಮೇಲಂತೂ.

ಟೆಕ್ಸಾಸಿನ ಅಜ್ಜನ ಬಗ್ಗೆ ಇನ್ನೊಂದು ಹೇಳಬೇಕು. ಅವನ ಮನೆಯ ಉಕ್ಕಿನ ಪೆಟ್ಟಿಗೆಯಲ್ಲಿ ಅವನದಲ್ಲದ ಎರಡು ಬಂದೂಕು ಇದ್ದವು. ಯಾರದ್ದು ಅಂತ ಕೇಳಿದೆ. "ಗೆಳೆಯನದ್ದು. ಅವನಿಗೆ ಈಗ ದಿನ ಸರಿ ಇಲ್ಲ" ಅಂದ. ಅಲ್ಲಿ ತಮ್ಮ ಜೀವ ತಾವೇ ತೆಗೆದುಕೊಳ್ಳುವ ಮಾಜಿ ಸೈನಿಕರಲ್ಲಿ ಹತ್ತರಲ್ಲಿ ಏಳರಷ್ಟು ಮಂದಿ ಬಂದೂಕಿನಿಂದಲೇ. ಅವರ ಮಾಜಿ ಸೈನಿಕರ ಇಲಾಖೆ ಬಂದೂಕಿಗೆ ಹಾಕುವ ತಂತಿ ಬೀಗವನ್ನು ಪುಕ್ಕಟೆ ಕೊಡುತ್ತದೆ. ಹಕ್ಕಿನ ಬಗ್ಗೆ ಅಷ್ಟು ಗಟ್ಟಿ ಮಾತಾಡುವ ಅಜ್ಜ ಆ ಪೆಟ್ಟಿಗೆಯ ಬೀಗದ ಕೈಯನ್ನು ಹೆಂಡತಿಯ ಹತ್ತಿರ ಕೊಟ್ಟಿದ್ದ.

ಭಾಗಮಂಡಲ ಕಡೆಯ ಒಬ್ಬ ಡಿಎಸ್‌ಸಿ ಗೆಳೆಯನಿಗೆ ಅಂಗಡಿಯಿಂದಲೇ ಫೋನು ಮಾಡಿದೆ, ತೋಟೆಯ ಅಳತೆ ವಿಷಯ ಹೇಳಲಿಕ್ಕೆ. ಕೊಡವರಿಗೆ ಬ್ರಿಟಿಷರ ಕಾಲದಿಂದಲೂ ಕೋವಿಗೆ ಪರವಾನಗಿಯ ವಿನಾಯಿತಿ, ಈಗ 2029ರ ತನಕ ಉಂಟು. ಗಂಡು ಹುಟ್ಟಿದರೆ ಒಂದು ಈಡು, ಸತ್ತರೆ ಎರಡು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ. ಅವ ಯಾವಾಗಲೂ ನನ್ನನ್ನು ಗೇಲಿ ಮಾಡುವುದು, "ನಿನ್ನದು ಸರ್ಕಾರ ಕೊಟ್ಟ ಕೋವಿ, ನನ್ನದು ತೊಟ್ಟಿಲಲ್ಲೇ ಬಂದ ಕೋವಿ" ಅಂತ. ಅವತ್ತು ಗೇಲಿ ಮಾಡಲಿಲ್ಲ. "ಒಂದು ನಿಮಿಷ ನಿಲ್ಲು" ಅಂದ. ಒಳಗೆ ಹೋಗಿ ತನ್ನ ತೋಟೆಯ ಪೆಟ್ಟಿಗೆ ತೆಗೆದು ಓದುವುದು ಕೇಳಿಸಿತು. ಆಮೇಲೆ ಮೆಲ್ಲಗೆ, "ನನ್ನದೂ ಅಜ್ಜನ ಕೋವಿ ಮಾರಾಯ. ಅಲ್ಲಿ ಗೇಜು ಮಾರುತ್ತಾರಾ?" ಮಾರುವುದಿಲ್ಲ. ಮೇಸ್ತ್ರಿ ಅದನ್ನು ಕೈಯಿಂದ ಬಿಡುವುದೂ ಇಲ್ಲ.

ಈಗ ದೂರುಗಳು.

ಬಿಲ್ಲು ಪೂರ್ತಿ ಮಲಯಾಳದಲ್ಲಿ. ಕಾಸರಗೋಡಿನಿಂದ ಹೋಗುವ ಗಿರಾಕಿಗಳು ಕಮ್ಮಿ ಏನಲ್ಲ, ಇಂಗ್ಲಿಷಿನಲ್ಲಾದರೂ ಕೊಡಬಹುದು. ಮೇಸ್ತ್ರಿ ಮೂರು ಗಂಟೆ ಅಂದದ್ದು ಐದು ಗಂಟೆಯಾಯಿತು, ನಡುವೆ ಊಟಕ್ಕೆ ಹೋಗಿ ಒಂದು ಸಣ್ಣ ನಿದ್ದೆಯನ್ನೂ ಮಾಡಿ ಬಂದರು. ಕೂರಲಿಕ್ಕೆ ಒಂದೇ ಸ್ಟೂಲು, ಅದರ ಒಂದು ಕಾಲು ಗಿಡ್ಡ. ಉಕ್ಕಿನ ಹೊಸ ಪಿನ್ನು ಕಡೆದು ಕೂರಿಸಿ, ಎಕ್ಸ್‌ಟ್ರಾಕ್ಟರಿಗೆ ಬೆಸುಗೆ ಹಾಕಿ ಅರ ಹಿಡಿದದ್ದಕ್ಕೆ 1,850 ರೂಪಾಯಿ. ಕೆಲಸಕ್ಕೆ ಅದು ಹೆಚ್ಚಲ್ಲ. ಆದರೆ ಮೊದಲೇ ಹೇಳದೆ ಎಣ್ಣೆಯ ಬಾಟಲಿಯೊಂದನ್ನು ಚೀಲಕ್ಕೆ ಸೇರಿಸಿ ಬಿಲ್ಲಿಗೂ ಸೇರಿಸಿದ್ದು ನನಗೆ ಸರಿ ಕಾಣಲಿಲ್ಲ. ಅದು ಮಾಲೀಕನ ಬುದ್ಧಿ, ಮಧ್ಯಾಹ್ನ ಮೇಲೆ ಬಂದವ. ಅರ್ಧ ಅಂಕ ಅಲ್ಲಿ ಹೋಯಿತು, ಇನ್ನರ್ಧ ಭಾಷೆಗೆ.

ಏರ್‌ಗನ್ನಿನ ವಿಷಯ ಕೇಳುವವರು ಇರುತ್ತಾರೆ, ಹೇಳಿಬಿಡುತ್ತೇನೆ. 0.177 ಬೋರಿನ, 20 ಜೌಲ್ ಮೀರದ ಏರ್‌ಗನ್ನಿಗೆ ಪರವಾನಗಿ ಬೇಡ, ಇಲ್ಲಿ ನಾಲ್ಕೈದು ನಮೂನೆ ಸಿಗುತ್ತವೆ. ಮಂಗನ ಉಪದ್ರಕ್ಕೆ ಅಂತ ಒಬ್ಬರು ಕೇಳಲು ಬಂದರು. "ಮಂಗನಿಗೆ ಹೊಡೆಯಲಿಕ್ಕೆ ಅಂತಾದರೆ ಕೊಡುವುದಿಲ್ಲ, ಕೇಸು ಬಿದ್ದರೆ ನಮ್ಮ ಹೆಸರು ಹೇಳುತ್ತೀರಿ" ಅಂತ ಹುಡುಗ ಮುಖದ ಮೇಲೇ ಹೇಳಿದ. ಬಂದವರು ಬೈದು ಮೆಟ್ಟಿಲಿಳಿದರು. ವ್ಯಾಪಾರಿ ಹೀಗೆ ಗಿರಾಕಿ ಕಳೆದುಕೊಳ್ಳುವುದನ್ನು ನೋಡಿ ಬಹಳ ದಿನ ಆಗಿತ್ತು.

ತೋಟೆ ಹತ್ತು ತೆಗೆದುಕೊಂಡೆ, ಈ ಸಲ 65ರದ್ದೇ. ಮೇಸ್ತ್ರಿ ಪರವಾನಗಿ ಪುಸ್ತಕದಲ್ಲಿ ಎಷ್ಟು, ಯಾವತ್ತು ಅಂತ ಬರೆದು ಮೊಹರು ಹಾಕಿ, ತಮ್ಮ ದಪ್ಪ ರಿಜಿಸ್ಟರಿನಲ್ಲೂ ಬರೆದುಕೊಂಡರು. ಅದರಲ್ಲಿ ಉದ್ಯೋಗ ಅಂತ ಒಂದು ಕಾಲಮ್ಮು. "ಕೃಷಿ" ಅಂತ ಹೇಳಿದೆ. ಅವರು ನನ್ನ ಪರವಾನಗಿಯ ಫೋಟೋ ನೋಡಿದರು, ನನ್ನ ಕಾಲಿನ ಬೂಟು ನೋಡಿದರು, "ಪಟ್ಟಾಳಂ", ಅಂದರೆ ಸೈನ್ಯ, ಅಂತ ಬರೆದರು. ನಾನು ತಿದ್ದಿಸಲಿಲ್ಲ. ಸಹಿ ಹಾಕುವಾಗ ಹೆಸರಿನ ಹಿಂದೆ ನನ್ನ ಆರ್ಮಿ ನಂಬರು ತಾನಾಗಿ ಬಂತು. ಗೀಟು ಹಾಕಲಿಕ್ಕೆ ಹೊರಟರೆ ಮೇಸ್ತ್ರಿ ಕೈ ಹಿಡಿದರು. ಗವರ್ಮೆಂಟ್ ರಿಜಿಸ್ಟರು, ಗೀಟು ಹಾಕುವ ಹಾಗಿಲ್ಲವಂತೆ.

ಹೋಗುವವರಿಗೆ: ಪರವಾನಗಿಯ ಎರಡು ಜೆರಾಕ್ಸ್ ಒಯ್ಯಿರಿ, ಹತ್ತಿರದಲ್ಲಿ ಜೆರಾಕ್ಸ್ ಅಂಗಡಿ ಇಲ್ಲ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ. ಕೋವಿ ಖಾಲಿ ಮಾಡಿ ಬಿಚ್ಚಿ ಚೀಲದಲ್ಲಿಟ್ಟು ಒಯ್ಯಿರಿ, ತೋಟೆ ಬೇರೆ ಚೀಲದಲ್ಲಿ. ನೀವು ಹಾಕುವ ತೋಟೆಯ ಒಂದು ಖಾಲಿ ಚಿಪ್ಪನ್ನು ಮರೆಯದೆ ತೆಗೆದುಕೊಂಡು ಹೋಗಿ ಗೇಜು ಹಾಕಿಸಿ, ಅಜ್ಜನ ಕಾಲದ ಕೋವಿ ಇದ್ದವರಂತೂ.

ಮನೆಗೆ ಬಂದು ಮೂರು ವಾರವಾಯಿತು. ಈಗ ಕೋವಿ ಮಡಚಿದರೆ ಎಕ್ಸ್‌ಟ್ರಾಕ್ಟರ್ ತೋಟೆಯನ್ನು ಬೆರಳಿಗೆ ಸಿಗುವಷ್ಟು ಎತ್ತಿ ಕೊಡುತ್ತದೆ, ನಯವಾಗಿ. ಆದರೆ ಇನ್ನೂ ಒಂದೂ ಈಡು ಹೊಡೆದಿಲ್ಲ. ಕೇರಳದಲ್ಲಿ 2022ರಿಂದ ಬೆಳೆ ಹಾಳು ಮಾಡುವ ಕಾಡುಹಂದಿಗೆ ಗುಂಡಿಕ್ಕಲಿಕ್ಕೆ ಅಪ್ಪಣೆ ಕೊಡುವ ಅಧಿಕಾರ ಪಂಚಾಯತ್ ಅಧ್ಯಕ್ಷರಿಗೆ ಉಂಟು. ಪಟ್ಟಿಯಲ್ಲಿ ಹೆಸರಿದ್ದ ಪರವಾನಗಿದಾರರು ಹೊಡೆಯಬಹುದು, ಹೊಡೆದದ್ದನ್ನು ಹೂಳಬೇಕು, ತಿನ್ನುವ ಹಾಗಿಲ್ಲ. ನನ್ನ ಅರ್ಜಿ ಕೊಟ್ಟಾಗಿದೆ. ಮೊನ್ನೆ ರಾತ್ರಿ ಬಾವಿಯ ಬದಿಯಲ್ಲಿ ಮತ್ತೆ ನಾಲ್ಕು ಬಾಳೆ ಹೋಯಿತು. ಇವಳು ಬೆಳಿಗ್ಗೆ ಬಿದ್ದ ದಿಂಡು ನೋಡಿ ನನ್ನ ಮುಖ ನೋಡಿದಳು. "ಕಾಗದ ಬರಲಿಲ್ಲ" ಅಂದೆ. ಅವಳು ದಿಂಡು ಎತ್ತಿಕೊಂಡು ಪಲ್ಯಕ್ಕೆ ಹೆಚ್ಚಲಿಕ್ಕೆ ಒಳಗೆ ಹೋದಳು.